ಪ್ಲೇಟ್‌ಲೆಟ್ ಇಳಿದಿದೆ ಎನ್ನುವ ಮೊದಲು ರಕ್ತಲೇಪ ನೋಡಲಿ

ಮಾನ್ಯರೇ,

ಮಳೆಗಾಲ ಹಿಡಿಯಿತೆಂದರೆ ಉಡುಪಿ, ಮಂಗಳೂರಿನ ಲ್ಯಾಬ್‌ಗಳ ಮುಂದೆ ಜ್ವರದವರ ಸಾಲು. ವರದಿ ಕೈಗೆ ಬಂದ ಕೂಡಲೇ ಎಲ್ಲರೂ ಹುಡುಕುವುದು ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ಗಳ ಸಂಖ್ಯೆಯನ್ನು. ಡೆಂಗಿಯಲ್ಲಿ ಅದು ಇಳಿಯುವುದು ನಿಜ, ಎಚ್ಚರವೂ ಬೇಕು. ಆದರೆ ಮೈಯೊಳಗೆ ಸರಿಯಾಗಿದ್ದು, ಲ್ಯಾಬಿನ ಕೊಳವೆಯಲ್ಲಿ ಮಾತ್ರ ಕಡಿಮೆ ಕಾಣುವುದೂ ಉಂಟು.

ರಕ್ತಕಣಗಳ ಎಣಿಕೆಗೆ ಬಳಸುವ ನೇರಳೆ ಮುಚ್ಚಳದ ಕೊಳವೆಯಲ್ಲಿ ಇಡಿಟಿಎ ಎಂಬ ರಾಸಾಯನಿಕವಿರುತ್ತದೆ. ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಅದು ಹಿಡಿದಿಡುವುದರಿಂದ ರಕ್ತ ನೀರಾಗಿಯೇ ಉಳಿಯುತ್ತದೆ. ಪ್ಲೇಟ್‌ಲೆಟ್‌ಗಾದರೋ ಕ್ಯಾಲ್ಸಿಯಂ ಜೀವಾಳ. ಎರಡು ಮೂರು ಮೈಕ್ರೋಮೀಟರ್ ಅಗಲದ ಈ ಕಣ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವನ್ನು ತನ್ನೊಳಗೆ ದಾಸ್ತಾನಿಟ್ಟುಕೊಂಡು ಗಾಯವಾದಾಗ ಹೊರಚೆಲ್ಲುತ್ತದೆ. ಅದರ ಹೊರಮೈಯ ಮುಖ್ಯ ಪ್ರೋಟೀನ್ ಆಕಾರ ಉಳಿಸಿಕೊಳ್ಳುವುದಕ್ಕೂ ಕ್ಯಾಲ್ಸಿಯಂ ಬೇಕು. ಇಡಿಟಿಎ ಅದನ್ನು ಕಿತ್ತುಕೊಂಡಾಗ, ಅಪರೂಪಕ್ಕೆ ಕೆಲವರಲ್ಲಿ, ಪ್ರೋಟೀನಿನ ಮರೆಯಲ್ಲಿದ್ದ ಭಾಗ ಬಯಲಾಗುತ್ತದೆ. ಅವರದೇ ರಕ್ತದ ಪ್ರತಿಕಾಯಗಳು ಅಲ್ಲಿಗೆ ಅಂಟಿ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ. ಗುಂಪನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ನೆರೆಮನೆಯ ಹುಡುಗಿಯ ವರದಿಯಲ್ಲಿ 28 ಸಾವಿರ ಎಂದಿತ್ತು. ಆರೋಗ್ಯವಂತರಲ್ಲಿ 1.5ರಿಂದ 4.5 ಲಕ್ಷ ಇರಬೇಕಾದದ್ದು! ಮೈಮೇಲೆ ಒಂದು ಕೆಂಪು ಚುಕ್ಕೆಯಿಲ್ಲ, ಒಸಡಿನಲ್ಲಿ ರಕ್ತವಿಲ್ಲ. ಆದರೂ ಮನೆಯವರು ರಾತ್ರೋರಾತ್ರಿ ಮಂಗಳೂರಿಗೆ ಓಡಿ, ದಾನಿಗಳಿಗಾಗಿ ಕಂಡಕಂಡವರಿಗೆ ಕರೆ ಮಾಡಿದರು. ಅಲ್ಲಿ ಗಾಜಿನ ಪಟ್ಟಿಗೆ ರಕ್ತ ಸವರಿ (ಇದೇ ರಕ್ತಲೇಪ) ಸೂಕ್ಷ್ಮದರ್ಶಕದಡಿ ಇಟ್ಟಾಗ ಲೇಪದ ಅಂಚಿನುದ್ದಕ್ಕೂ ಪ್ಲೇಟ್‌ಲೆಟ್ ಗುಂಪುಗಳು. ಇಡಿಟಿಎ ಬದಲು ಸಿಟ್ರೇಟ್ ಎಂಬ ಹೆಪ್ಪುತಡೆ ರಾಸಾಯನಿಕವಿರುವ ನೀಲಿ ಮುಚ್ಚಳದ ಕೊಳವೆಯಲ್ಲಿ ಮತ್ತೆ ರಕ್ತ ತೆಗೆದು ಎಣಿಸಿದರೆ 1.9 ಲಕ್ಷ. ಆ ತಾಯಿ ಅಲ್ಲಿಯೇ ಕುಸಿದು ಕುಳಿತು ಅತ್ತರು.

ರಕ್ತಲೇಪ ನೋಡಲು ದೊಡ್ಡ ಯಂತ್ರವೇನೂ ಬೇಡ. ಸಿಟ್ರೇಟ್‌ನಲ್ಲಿಯೂ ಕೆಲವೊಮ್ಮೆ ಗುಂಪುಗಟ್ಟುವುದುಂಟು, ಆಗ ರಕ್ತ ತೆಗೆದ ಕೂಡಲೇ ಎಣಿಸಬೇಕಾಗುತ್ತದೆ. ಕ್ಯಾಲ್ಸಿಯಂ, ಸತುವಿನ ಮಾತ್ರೆ ನುಂಗುವುದರಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ಕೊರತೆ ಇರುವುದು ಕೊಳವೆಯಲ್ಲಿ. ದಾನಿಗಳಿಂದ ಪಡೆದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನವಷ್ಟೇ ಬಾಳುತ್ತದೆ. ಅದು ನಿಜವಾಗಿ ರಕ್ತಸ್ರಾವ ಆಗುತ್ತಿರುವವರಿಗೆ ಸಿಗಬೇಕು.

ಸಂಖ್ಯೆ ತೀರಾ ಕಡಿಮೆ ಬಂದಾಗ ರಕ್ತಲೇಪ ನೋಡಿಯೇ ವರದಿ ಕೊಡುವಂತೆ ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಲ್ಯಾಬ್‌ಗಳಿಗೆ ಸೂಚಿಸಬೇಕು. ಗುಂಪು ಕಂಡುಬಂದರೆ ಸಂಖ್ಯೆಯ ಪಕ್ಕದಲ್ಲಿಯೇ, ಮನೆಯವರಿಗೆ ಅರ್ಥವಾಗುವಂತೆ ಕನ್ನಡದಲ್ಲಿ, ಅದನ್ನು ಬರೆಯಬೇಕು.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಕುಂಜಿಬೆಟ್ಟು, ಉಡುಪಿ