ಹೆಸರು ಎರಡು, ಔಷಧ ಒಂದೇ!

78 ವರ್ಷದ ನನ್ನ ಅಮ್ಮ ಕಳೆದ ತಿಂಗಳು ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಅವರ ಮಾತ್ರೆ ಡಬ್ಬಿಯನ್ನು ಹಾಸಿಗೆ ಮೇಲೆ ಸುರಿದು ನೋಡಿದಾಗ ಕಾರಣ ಸಿಕ್ಕಿತು. ಹೃದಯದ ವೈದ್ಯರು ಬರೆದದ್ದೊಂದು, ಊರಿನ ವೈದ್ಯರು ಬರೆದದ್ದು ಇನ್ನೊಂದು. ಕಂಪನಿಯ ಹೆಸರು ಬೇರೆ ಬೇರೆ, ಎರಡರಲ್ಲೂ ಇದ್ದದ್ದು ಅಮ್ಲೋಡಿಪಿನ್. ಬಿ.ಪಿ. ಇಳಿಸುವ ಔಷಧವನ್ನು ಅಮ್ಮ ದುಪ್ಪಟ್ಟು ನುಂಗುತ್ತಿದ್ದರು. ‘ಡಾಕ್ಟ್ರೇ ಕೊಟ್ಟದ್ದಲ್ವಾ’ ಎಂದರು, ಪಾಪ. ಮಾತ್ರೆ ಹಾಳೆಯ ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರ ಆ ಕಣ್ಣಿಗೆ ಕಂಡೀತೇ?

ಔಷಧದಿಂದಾಗುವ ಇಂಥ ಹಾನಿ ತಡೆಯಲು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಅಭಿಯಾನ ಆರಂಭಿಸಿದೆ. ಕನಿಷ್ಠ ಸರ್ಕಾರಿ ಆಸ್ಪತ್ರೆಗಳಲ್ಲಾದರೂ, ವೃದ್ಧರು ಈಗಾಗಲೇ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ನೋಡಿದ ಬಳಿಕವೇ ಹೊಸ ಚೀಟಿ ಬರೆಯಲಿ. ಔಷಧದ ಮೂಲ ಹೆಸರನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದುಕೊಡಲಿ.