ಈರುಳ್ಳಿ ಬೇರು ಬೆಳಿಗ್ಗೆಯೇ ಕತ್ತರಿಸಿ

ಮಾನ್ಯರೇ,

ಫಸ್ಟ್ ಪಿಯು ಓದುವ ನನ್ನ ಮೊಮ್ಮಗಳು ಮೊನ್ನೆ ಬಯಾಲಜಿ ರೆಕಾರ್ಡ್ ಬರೆಯುತ್ತಿದ್ದಳು. ಜೀವಕೋಶ ಎರಡಾಗುವ ನಾಲ್ಕು ಹಂತಗಳ ಚಿತ್ರ, ಬಹಳ ಅಚ್ಚುಕಟ್ಟು. 'ಮೈಕ್ರೋಸ್ಕೋಪಲ್ಲಿ ನೋಡಿದ್ಯಾ?' ಅಂದೆ. 'ಏನೂ ಕಾಣಲಿಲ್ಲ ತಾತ, ಎಲ್ಲರೂ ಚಾರ್ಟ್ ನೋಡಿ ಬರೆದ್ವಿ' ಅಂದಳು. ಅದಕ್ಕೆ ಬಳಸುವ ಈರುಳ್ಳಿ ಬೇರು ಕತ್ತರಿಸಿದ್ದು ಯಾವಾಗ ಅಂದರೆ ಮಧ್ಯಾಹ್ನ ಮೂರಕ್ಕೆ, ಪ್ರಾಕ್ಟಿಕಲ್ ಶುರುವಾದ ಮೇಲೆ. ಎಡವಟ್ಟಾಗಿದ್ದು ಅಲ್ಲೇ.

ನಾನು ಮಂಡ್ಯದ ಕಾಲೇಜೊಂದರಲ್ಲಿ 31 ವರ್ಷ ಲ್ಯಾಬ್ ಅಟೆಂಡರ್ ಆಗಿದ್ದವನು. ಈರುಳ್ಳಿ ಬೇರಿನ ತುದಿಯಲ್ಲಿ ಕೋಶಗಳು ಜಾಸ್ತಿ ಒಡೆದು ಎರಡಾಗುವುದು ಬೆಳಗಿನ ಹೊತ್ತು. ಎಂಟರಿಂದ ಹತ್ತೂವರೆಯೊಳಗೆ ಕತ್ತರಿಸಿ, ಮೂರು ಪಾಲು ಆಲ್ಕೋಹಾಲಿಗೆ ಒಂದು ಪಾಲು ಅಸಿಟಿಕ್ ಆಸಿಡ್ ಬೆರೆಸಿದ ಸೀಸೆಗೆ ಹಾಕಬೇಕು. ಯಾವ ಕೋಶ ಯಾವ ಹಂತದಲ್ಲಿದೆಯೋ ಅಲ್ಲೇ ನಿಂತುಬಿಡುತ್ತದೆ. ಒಂದು ದಿನ ಬಿಟ್ಟು ಪ್ರಾಕ್ಟಿಕಲ್ ಮಧ್ಯಾಹ್ನವೇ ಮಾಡಿ, ತೊಂದರೆಯಿಲ್ಲ.

ಸುಮ್ನೆ ಹೇಳಿದರೆ ಮೊಮ್ಮಗಳು ನಂಬಬೇಕಲ್ಲ. ಪೇಟೆ ಬೀದಿಯಿಂದ ಈರುಳ್ಳಿ ತಂದು, ಒಣಬೇರು ಕೆರೆದು, ನೀರಿನ ಲೋಟದ ಮೇಲೆ ಕೂರಿಸಿದೆ. ಮೂರನೇ ದಿನಕ್ಕೆ ಬಿಳಿ ಬೇರು. ಪರಿಚಯದ ಮೇಷ್ಟ್ರ ಮನೆಯಲ್ಲಿ ಹಳೇ ಮೈಕ್ರೋಸ್ಕೋಪ್ ಇತ್ತು. ಬೇರಿನ ತುದಿ ಎರಡೇ ಮಿಲಿಮೀಟರ್ ಸಾಕು. ಅಸಿಟೋಕಾರ್ಮಿನ್ ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಬೇಕು. ಬೆರಳು ಜಾರಿತೋ, ಸ್ಲೈಡ್ ಕೆಟ್ಟಿತು.

ಮೊದಲಿಗೆ ಕಂಡಿದ್ದೆಲ್ಲ ಕೆಂಪು ಗುಂಡಿನಂಥ ನ್ಯೂಕ್ಲಿಯಸ್‌ಗಳೇ. ಅವು ಇನ್ನೂ ಒಡೆಯಲು ಶುರುಮಾಡದ ಕೋಶಗಳು, ಅವೇ ಜಾಸ್ತಿ. ಸ್ಲೈಡ್ ಸರಿಸುತ್ತಾ ಹೋದಳು. ಒಂದು ಕಡೆ ಗುಂಡಿನ ಪೊರೆಯೇ ಇಲ್ಲ, ದಪ್ಪ ದಪ್ಪ ದಾರಗಳು ನಡುವೆ ಸಾಲುಗಟ್ಟಿದ್ದವು. ಪಕ್ಕದ್ದರಲ್ಲಿ ಅವೇ ದಾರಗಳು ಉದ್ದುದ್ದ ಸೀಳಿ, ಅರ್ಧ ಆ ತುದಿಗೆ, ಅರ್ಧ ಈ ತುದಿಗೆ ಹೊರಟಿದ್ದವು. 'ಚಾರ್ಟಲ್ಲಿ ನಾಲ್ಕೇ ಇರ್ತವೆ, ಇಲ್ಲಿ ಇಷ್ಟೊಂದು!' ಅಂದಳು. ಆ ದಾರಗಳೇ ಕ್ರೋಮೋಸೋಮ್, ಈರುಳ್ಳಿಯಲ್ಲಿ 16. ಆ ತುದಿಗೂ 16, ಈ ತುದಿಗೂ 16 ಸೇರಿ, ಸುತ್ತ ಹೊಸ ಪೊರೆ ಕಟ್ಟಿದರೆ ಎರಡು ನ್ಯೂಕ್ಲಿಯಸ್. ಅವಳಿಗೆ ಹನ್ನೊಂದರ ಮೇಲೆ ಎಣಿಸಲಾಗಲಿಲ್ಲ, ನನಗೂ ಯಾವತ್ತೂ ಆಗಿಲ್ಲ ಬಿಡಿ. 1882ರಲ್ಲಿ ಕೋಶ ಹೀಗೆ ಎರಡಾಗುವುದಕ್ಕೆ ಮೈಟಾಸಿಸ್ ಅಂತ ಹೆಸರಿಟ್ಟ ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಗ್ರೀಕಿನ 'ದಾರ' ಎಂಬ ಪದವನ್ನೇ ಆರಿಸಿಕೊಂಡಿದ್ದು ಸುಮ್ನೆ ಅಲ್ಲ.

ಕಾಲೇಜಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರಾಕ್ಟಿಕಲ್‌ನ ಹಿಂದಿನ ದಿನ ಬೆಳಿಗ್ಗೆ, ಮೊದಲ ಬೆಲ್ ಹೊಡೆಯುವ ಮುಂಚೆ, ಯಾರಾದರೂ ಹತ್ತು ನಿಮಿಷ ಕೂತು ಬೇರು ಕತ್ತರಿಸಿ ಸೀಸೆಗೆ ಹಾಕಲಿ. ಅದಕ್ಕೂ ಜನ ಇಲ್ಲ ಅನ್ನುವುದಾದರೆ ಹೇಳಿ ಕಳಿಸಿ, ಬ್ಲೇಡ್ ನಾನೇ ತರುತ್ತೇನೆ.

– ನಿವೃತ್ತ ಲ್ಯಾಬ್ ಅಟೆಂಡರ್, ಮಂಡ್ಯ