ಬೂಷ್ಟು ಬಂದ ರೊಟ್ಟಿ, ಶೇಂಗಾ ಬಗ್ಗೆ

ಓಣಿಯ ಎಲ್ಲರಿಗೂ ನಮಸ್ಕಾರ್ರೀ. ಕಲಬುರಗಿಯೊಳಗ ಮಳಿ ಹಿಡದದ, ಕಟಕ್ ರೊಟ್ಟಿ ಡಬ್ಬಿಗೂ ಬೂಷ್ಟು ಬರ್ಲಿಕತ್ತದ. "ಪೆನಿಸಿಲಿನ್ ಬೂಷ್ಟಿನಿಂದ್ಲೇ ಬಂದದ್ದಲ್ಲ, ಗಾಯಕ್ಕ ಹಚ್ಚಿದ್ರ ಏನಾಗ್ತದ?" ಅಂತ ಇಲ್ಲಿ ಕೇಳಿದ್ರಿ. ದಯವಿಟ್ಟು ಹಚ್ಚಬ್ಯಾಡ್ರಿ. 1928ರಾಗ ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡದ್ದು ಪೆನಿಸಿಲಿಯಂ ಕುಲದ ಒಂದು ಬೂಷ್ಟು. ಬ್ಯಾಕ್ಟೀರಿಯಾ ಕೊಲ್ಲೋ ಅದರ ರಸ ಶುದ್ಧ ಮಾಡಿ ಔಷಧ ಆಗಲಿಕ್ಕೆ ಹತ್ತು ವರ್ಷದ ಮ್ಯಾಲ ಹಿಡೀತು. ಕೊಲೆಸ್ಟ್ರಾಲ್ ಇಳಿಸೋ ಲೊವಾಸ್ಟಾಟಿನ್ ಔಷಧ ಕೊಡೋದೂ ಒಂದು ಬೂಷ್ಟೇ, ಆಸ್ಪರ್ಜಿಲಸ್ ಟೆರಿಯಸ್. ಆದ್ರ ಅದೇ ಬಳಗದ ಆಸ್ಪರ್ಜಿಲಸ್ ಫ್ಲೇವಸ್ ಶೇಂಗಾದಾಗ ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡ್ತದ. ಹುರಿದ್ರೂ ಪೂರ್ತಿ ಹೋಗಂಗಿಲ್ಲ, ಲಿವರ್‌ಗೆ ಭಾಳ ಕೆಟ್ಟದ್ದು. ಬೂಷ್ಟಿನ ಎಳೆ ಒಳಗೂ ಇಳಿದಿರ್ತಾವ, ಮ್ಯಾಲಷ್ಟೇ ಒರಸಿ ತಿನ್ನಬ್ಯಾಡ್ರಿ. ಅಂಥ ಶೇಂಗಾದ ಹಿಂಡಿ ಎಮ್ಮಿಗೂ ಹಾಕಬ್ಯಾಡ್ರಿ, ವಿಷ ಹಾಲಿಗೆ ಇಳೀತದ.